ಸೆಕ್ರೆಟಿನ್ ಕೊಡುವ ಮುನ್ನ

ಅಕ್ಕ ಅಮೆರಿಕದ ಓಹಾಯೋ ರಾಜ್ಯದ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ತಮ್ಮ ಅದೇ ರಾಜ್ಯದ ಇನ್ನೊಂದು ಊರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇಬ್ಬರೂ ಹಾಸನದ ಕಡೆಯವರು. ಹೊಟ್ಟೆಯ ಮೇಲ್ಭಾಗದ ನೋವು ಬಿಟ್ಟು ಬಿಟ್ಟು ಕಾಡುತ್ತಿರುವುದು ತಮ್ಮನಿಗೆ.

ತಮ್ಮ: ಅಕ್ಕ, ಮುಂದಿನ ವಾರ ನನಗೊಂದು ಪರೀಕ್ಷೆ ಬರೆದಿದ್ದಾರೆ. ಮೇದೋಜೀರಕ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಸೆಕ್ರೆಟಿನ್ ಅನ್ನೋ ಇಂಜೆಕ್ಷನ್ ಕೊಡ್ತಾರಂತೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮಲ ಪರೀಕ್ಷೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅನ್ನೋ ಹಾಗೆ ಬಂತು. ನೋಯ್ತಿರೋ ಅಂಗಕ್ಕೆ ಔಷಧಿ ಚುಚ್ಚಿ ಇನ್ನಷ್ಟು ಕೆರಳಿಸೋದು ಯಾಕೆ?

ಅಕ್ಕ: ಕೆರಳಿಸೋದಲ್ಲ ಕಣೋ, ದುಡಿಸಿ ನೋಡೋದು. ಅಪ್ಪ ತೋಟದಲ್ಲಿ ಬೋರ್ ಕೊರೆಸಿದ್ದು ನೆನಪಿದೆಯಾ? ಕೇಸಿಂಗ್ ಪೈಪ್ ನೋಡಿದರೆ ನೀರೆಷ್ಟಿದೆ ಅಂತ ಗೊತ್ತಾಗಲ್ಲ. ಮೋಟಾರ್ ಇಳಿಸಿ ಗಂಟೆಗಟ್ಟಲೆ ಓಡಿಸಿದ ಮೇಲೇ ಎರಡಿಂಚೋ ಮೂರಿಂಚೋ ಅಂತ ತಿಳಿದದ್ದು. ಸ್ಕ್ಯಾನ್ ತೋರಿಸೋದು ಗ್ರಂಥಿಯ ರೂಪವನ್ನ. ಕಲ್ಲು ಕಟ್ಟಿದೆಯಾ, ನಾಳ ಹಿಗ್ಗಿದೆಯಾ, ಗ್ರಂಥಿ ಸೊರಗಿದೆಯಾ ಅನ್ನೋದನ್ನ. ಅವೆಲ್ಲ ಕಾಯಿಲೆ ಬಲಿತ ಮೇಲೆ ಕಾಣೋ ಗುರುತುಗಳು. ಶುರುವಿನಲ್ಲಿ ಗ್ರಂಥಿ ನೋಡೋಕೆ ನೆಟ್ಟಗೇ ಇದ್ದು, ರಸ ಮಾತ್ರ ಕಡಿಮೆ ಆಗಿರಬಹುದು.

ತಮ್ಮ: ಹಾಗಿದ್ದರೆ ಮಲ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತಲ್ಲ?

ಅಕ್ಕ: ಎಲಾಸ್ಟೇಸ್ ಪರೀಕ್ಷೆ ತಾನೇ ಮಾಡಿದ್ದು? ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ, 100ಕ್ಕಿಂತ ಕೆಳಗಿದ್ದರೆ ಗ್ರಂಥಿ ಬಹಳ ಬಳಲಿದೆ ಅಂತ ಅರ್ಥ. ಬಲಿತ ಕಾಯಿಲೆಯನ್ನ ಅದು ಚೆನ್ನಾಗಿ ಹಿಡಿಯುತ್ತೆ, ಎಳೆಯದನ್ನ ಬಿಟ್ಟುಬಿಡುತ್ತೆ. ಭೇದಿಯಾಗಿ ಮಲ ನೀರಾಗಿದ್ದರೆ ಸುಮ್ಮನೆ ಕಡಿಮೆ ತೋರಿಸೋದೂ ಉಂಟು. ಈ ಗ್ರಂಥಿಗೆ ದೇವರು ಕೊಟ್ಟಿರೋ ಮೀಸಲು ಶಕ್ತಿ ಅಷ್ಟಿಷ್ಟಲ್ಲ. 1973ರಲ್ಲಿ ಮೇಯೋ ಕ್ಲಿನಿಕ್‌ನ ಡಿಮ್ಯಾಗ್ನೋ ಮತ್ತು ಜೊತೆಗಾರರು ಇದನ್ನ ಅಳೆದು ತೋರಿಸಿದರು. ಕೊಬ್ಬು ಕರಗಿಸೋ ಲೈಪೇಸ್ ಕಿಣ್ವ ಮಾಮೂಲಿನ ಹತ್ತರಲ್ಲೊಂದು ಪಾಲಿಗೆ ಇಳಿಯೋವರೆಗೂ ಮಲದಲ್ಲಿ ಜಿಡ್ಡು ಕಾಣಿಸಿಕೊಳ್ಳೋದೇ ಇಲ್ಲ. ಅಲ್ಲೀವರೆಗೆ ಕಾಯೋದು ಬೇಡ ಅಂತಲೇ ಈ ಪರೀಕ್ಷೆ.

ತಮ್ಮ: ಸೆಕ್ರೆಟಿನ್ ಅಂದರೆ ಏನು, ಯಾವುದಾದರೂ ರಾಸಾಯನಿಕವಾ?

ಅಕ್ಕ: ನಿನ್ನ ಮೈಯಲ್ಲೇ ದಿನಾ ಹುಟ್ಟೋ ಹಾರ್ಮೋನ್ ಅದು. ಊಟ ಜಠರದಲ್ಲಿ ಅರೆದು, ಹುಳಿಯಾಗಿ, ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತೆ. ಡುವೋಡಿನಂ ಅಂತಾರಲ್ಲ, ಅಲ್ಲಿಗೆ. ಅಲ್ಲಿನ ಪಿ.ಎಚ್. ಸುಮಾರು 4.5ಕ್ಕಿಂತ ಕೆಳಗಿಳಿದ ಕೂಡಲೇ ಕರುಳಿನ ಒಳಪದರದ ಕೆಲವು ಕೋಶಗಳು ಸೆಕ್ರೆಟಿನ್ನನ್ನ ರಕ್ತಕ್ಕೆ ಬಿಡ್ತವೆ. ಅದು ರಕ್ತದಲ್ಲಿ ಸುತ್ತಿ ಗ್ರಂಥಿಯ ನಾಳಗಳನ್ನ ತಲುಪುತ್ತೆ. ಅಲ್ಲಿಂದ ಬೈಕಾರ್ಬನೇಟ್ ತುಂಬಿದ ತಿಳಿ ರಸ ಹರಿದು ಬಂದು ಹುಳಿಯನ್ನ ಅಡಗಿಸುತ್ತೆ. ಹೀಗೆ ಆಗದೇ ಹೋದರೆ ನಮ್ಮ ಕರುಳು ನಮ್ಮದೇ ಆಮ್ಲಕ್ಕೆ ಸುಟ್ಟುಹೋಗ್ತಿತ್ತು, ಕಿಣ್ವಗಳೂ ಕೆಲಸ ಮಾಡ್ತಿರಲಿಲ್ಲ. ಸೂಜಿಯಲ್ಲಿ ಕೊಡೋದು ಅದನ್ನೇ, ಗೊತ್ತಾದ ಅಳತೆಯಲ್ಲಿ. ಕೊಟ್ಟು, ಗ್ರಂಥಿ ಎಷ್ಟು ಗಟ್ಟಿಯಾಗಿ ಉತ್ತರ ಕೊಡುತ್ತೆ ಅಂತ ನೋಡ್ತಾರೆ.

ಇದರ ಕಥೆ ನನಗೆ ತುಂಬಾ ಇಷ್ಟ. 1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್, ಅರ್ನೆಸ್ಟ್ ಸ್ಟಾರ್ಲಿಂಗ್ ಅಂತ ಇಬ್ಬರು ಇದನ್ನ ಕಂಡುಹಿಡಿದರು. ಅವರು ಸಂಬಂಧದಲ್ಲಿ ಭಾವ-ಭಾಮೈದ. ಸ್ಟಾರ್ಲಿಂಗ್‌ನ ತಂಗಿಯನ್ನ ಬೇಲಿಸ್ ಮದುವೆಯಾಗಿದ್ದ. ಜೀರ್ಣರಸಗಳೆಲ್ಲ ನರಗಳ ಅಪ್ಪಣೆಯಿಂದ ಬರ್ತವೆ ಅನ್ನೋದು ಆಗಿನ ನಂಬಿಕೆ. ರಷ್ಯಾದ ಪಾವ್ಲೋವ್‌ನ ಪ್ರಯೋಗಾಲಯ ಅದಕ್ಕೆ ದೊಡ್ಡ ಆಧಾರ. ಇವರು ಒಂದು ನಾಯಿಯ ಕರುಳಿನ ತುಂಡಿಗೆ ಹೋಗೋ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ಗ್ರಂಥಿ ರಸ ಸುರಿಸಿತು. ನರಗಳೇ ಇಲ್ಲ, ಸುದ್ದಿ ಹೋಗಿದ್ದು ಹೇಗೆ? ಕರುಳಿನ ಒಳಪದರ ಕೆರೆದು, ಆಮ್ಲದಲ್ಲಿ ಅರೆದು, ಸೋಸಿ, ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ರಕ್ತದಲ್ಲೇ ಓಲೆ ಹೋಗಿತ್ತು! 1905ರಲ್ಲಿ ಸ್ಟಾರ್ಲಿಂಗ್ ಇಂಥ ಪದಾರ್ಥಗಳಿಗೆ ಹಾರ್ಮೋನ್ ಅಂತ ಹೆಸರಿಟ್ಟ. ಇನ್ಸುಲಿನ್ ಸಿಕ್ಕಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಿನಗೆ ಮುಂದಿನ ವಾರ ಕೊಡೋದು ಆ ಮೊಟ್ಟಮೊದಲ ಹಾರ್ಮೋನನ್ನ.

ತಮ್ಮ: ನಾಯಿ ಕರುಳಿಂದ ತೆಗೆದದ್ದು ಅಂದೆ. ಈಗಲೂ ಪ್ರಾಣಿಯಿಂದಲೇ ತೆಗೀತಾರಾ? ಅಮ್ಮ ಮೊದಲು ಕೇಳೋದೇ ಅದನ್ನ.

ಅಕ್ಕ: ಬಹಳ ಕಾಲ ಹಂದಿಯಿಂದಲೇ ತೆಗೀತಿದ್ದರು. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಜೋರ್ಪೆಸ್ ಮತ್ತು ಮುಟ್ ಸಾವಿರಾರು ಹಂದಿಗಳ ಕರುಳಿಂದ ಅದನ್ನ ಶುದ್ಧ ಮಾಡಿದರು, 27 ಅಮೈನೋ ಆಮ್ಲಗಳ ಸರಪಳಿ ಅಂತ ಗೊತ್ತಾಯ್ತು. ಮನುಷ್ಯರದ್ದಕ್ಕೂ ಹಂದಿಯದ್ದಕ್ಕೂ ಎರಡೇ ಕೊಂಡಿ ವ್ಯತ್ಯಾಸ. ಈಗ ನಮ್ಮ ಆಸ್ಪತ್ರೆಗೆ ಬರೋದು ಕಾರ್ಖಾನೆಯಲ್ಲಿ ಕೊಂಡಿಗೆ ಕೊಂಡಿ ಜೋಡಿಸಿದ ಮಾನವ ಸೆಕ್ರೆಟಿನ್. ಕೈರೋಸ್ಟಿಮ್ ಅನ್ನೋ ಹೆಸರಲ್ಲಿ ಅಮೆರಿಕದ ಔಷಧ ಇಲಾಖೆ 2004ರಲ್ಲಿ ಒಪ್ಪಿಗೆ ಕೊಟ್ಟದ್ದು. ಹಂದಿಯ ಅಂಶ ಇಲ್ಲ ಅಂತ ಅಮ್ಮನಿಗೆ ಧೈರ್ಯವಾಗಿ ಹೇಳು.

ತಮ್ಮ: ಹಾಗಾದರೆ ಭಯಪಡೋದೇನೂ ಇಲ್ಲ ಅನ್ನು.

ಅಕ್ಕ: ಔಷಧಿಗೆ ಭಯಪಡಬೇಡ. ವಾಕರಿಕೆ, ಮುಖ ಬಿಸಿಯಾಗಿ ಕೆಂಪಗಾಗೋದು, ಹೊಟ್ಟೆನೋವು, ವಾಂತಿ ಕೆಲವರಿಗೆ ಆಗುತ್ತೆ. ಅಲರ್ಜಿ ಯಾವ ಇಂಜೆಕ್ಷನ್ನಿಗಾದರೂ ಆಗಬಹುದು. ಅದಕ್ಕೇ ಹಲವು ಕಡೆ ಮೊದಲು 0.2 ಮೈಕ್ರೋಗ್ರಾಂ, ಅಂದರೆ ಒಂದು ಹನಿಯಷ್ಟು, ಕೊಟ್ಟು ಒಂದು ನಿಮಿಷ ಮುಖ ನೋಡ್ತಾ ನಿಲ್ತಾರೆ. ಹಿಂದೆ ಯಾವುದಾದರೂ ಔಷಧಿಗೆ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರುಗಟ್ಟಿದ್ದರೆ ಈಗಲೇ ಹೇಳು. ನನ್ನ ಯೋಚನೆ ಇರೋದು ಬೇರೆ ಕಡೆ. ಈ ಔಷಧಿ ಯಾವ ಕಾಯಿಲೆಯನ್ನೂ ವಾಸಿ ಮಾಡಲ್ಲ. ಪ್ರಶ್ನೆ ಕೇಳೋಕೆ ಮಾತ್ರ ಇರೋದು. ಪ್ರಶ್ನೆ ಕೇಳೋದರಲ್ಲಿ ಎಡವಟ್ಟಾದರೆ ಸುಳ್ಳು ಉತ್ತರ ಬರುತ್ತೆ. ಚೆನ್ನಾಗಿರೋ ಮನುಷ್ಯ ಜೀವಮಾನವಿಡೀ ರೋಗಿಯಾಗಿ ಓಡಾಡ್ತಾನೆ, ರೋಗ ಇರೋನು ಇಲ್ಲ ಅಂದ್ಕೊಂಡು ಮನೆಗೆ ಹೋಗ್ತಾನೆ. ಆ ಅಪಾಯ ವಾಂತಿಗಿಂತ ದೊಡ್ಡದು, ಮತ್ತೆ ಆ ಹೊತ್ತಿಗೆ ಯಾರ ಕಣ್ಣಿಗೂ ಬೀಳಲ್ಲ.

ತಮ್ಮ: ಎಡವಟ್ಟಾಗೋದು ಎಲ್ಲಿ?

ಅಕ್ಕ: ಮೊದಲನೇದು ನಿನ್ನ ಸೂಟ್‌ಕೇಸಿನಲ್ಲಿ. ಊರಿಂದ ಏನೇನು ಮಾತ್ರೆ ತಂದಿಟ್ಟುಕೊಂಡಿದ್ದೀಯ, ಓದು.

ತಮ್ಮ: ಪ್ಯಾನ್ 40. ಮೆಫ್ಟಾಲ್ ಸ್ಪಾಸ್. ಸೈಕ್ಲೋಪಾಮ್ ಎರಡು ಸ್ಟ್ರಿಪ್. ಅವಿಲ್. ಡೈಜೀನ್. ಇಸಬ್‌ಗೋಲು. ಅಮ್ಮ ಕಳಿಸಿದ ಕಷಾಯದ ಪುಡಿ. ಡಾಕ್ಟರು ಕೇಳಿದ್ದು ಇಲ್ಲಿ ಬರೆದುಕೊಟ್ಟ ಔಷಧಿಗಳನ್ನ. ಇವನ್ನ ಯಾರೂ ಬರೆದುಕೊಟ್ಟಿಲ್ಲವಲ್ಲ.

ಅಕ್ಕ: ನಮ್ಮವರ ಮನೆಗಳಲ್ಲೆಲ್ಲ ಇದೇ ಪೆಟ್ಟಿಗೆ, ಇದೇ ಮಾತು. ಮೆಫ್ಟಾಲ್ ಸ್ಪಾಸ್‌ನಲ್ಲೂ ಸೈಕ್ಲೋಪಾಮ್‌ನಲ್ಲೂ ಡೈಸೈಕ್ಲೋಮಿನ್ ಇದೆ. ಕರುಳಿನ ಸೆಳೆತ ಇಳಿಸೋ ಔಷಧಿ ಅದು. ಆಂಟಿಕೊಲಿನರ್ಜಿಕ್ ಅನ್ನೋ ಗುಂಪಿಗೆ ಸೇರಿದ್ದು. ಆ ಗುಂಪಿನ ಔಷಧಿ ಮೈಯಲ್ಲಿದ್ದರೆ ಸೆಕ್ರೆಟಿನ್‌ಗೆ ಗ್ರಂಥಿ ಸರಿಯಾಗಿ ಓಗೊಡಲ್ಲ. ರಸ ಕಡಿಮೆ ಬರುತ್ತೆ. ನೋಡಿದವರಿಗೆ ಗ್ರಂಥಿಯೇ ಕೆಟ್ಟ ಹಾಗೆ ಕಾಣುತ್ತೆ. ಇಲ್ಲಿನ ಡಾಕ್ಟರಿಗೆ ಸೈಕ್ಲೋಪಾಮ್ ಅನ್ನೋ ಹೆಸರು ಗೊತ್ತಿರಲ್ಲ ಕಣೋ. ಅವರು ಕೇಳೋದೂ ಇಲ್ಲ, ನೀನು ಹೇಳೋದೂ ಇಲ್ಲ. ಸ್ಟ್ರಿಪ್ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರೋ ಮೂಲ ಔಷಧಿಯ ಹೆಸರನ್ನ ಫೋಟೋ ಹಿಡಿದು ತಗೊಂಡು ಹೋಗಿ ತೋರಿಸು.

ತಮ್ಮ: ಹಿಂದಿನ ದಿನ ಬಿಟ್ಟರೆ ಸಾಕಲ್ವಾ?

ಅಕ್ಕ: ಔಷಧಿಗೆ ತಕ್ಕ ಹಾಗೆ. ರಕ್ತದಲ್ಲಿ ಅರ್ಧದಷ್ಟು ಇಳಿಯೋಕೆ ಹಿಡಿಯೋ ಹೊತ್ತನ್ನ ಅರ್ಧಾಯುಷ್ಯ ಅಂತೀವಿ. ಅಂಥ ಐದು ಅರ್ಧಾಯುಷ್ಯ ಕಳೆದರೆ ಉಳಿಯೋದು ನೂರಕ್ಕೆ ಮೂರು ಪಾಲು ಮಾತ್ರ. ಸೆಕ್ರೆಟಿನ್ ಕೊಡೋಕೆ ಮುಂಚೆ ಕನಿಷ್ಠ ಅಷ್ಟು ಬಿಡುವು ಬೇಕು. ಕೆಲವಕ್ಕೆ ಅದು ಒಂದೆರಡು ದಿನ. ನಿದ್ದೆಗೋ ನೋವಿಗೋ ರಾತ್ರಿ ಕೊಡೋ ಅಮಿಟ್ರಿಪ್ಟಿಲಿನ್ ಅಂಥದ್ದಕ್ಕೆ ಹಲವು ದಿನ ಬೇಕು, ಅದನ್ನ ಒಮ್ಮೆಲೇ ನಿಲ್ಲಿಸೋದೂ ತಪ್ಪು. ನಿನ್ನ ಅವಿಲ್‌ಗೂ ಈ ಗುಣ ಸ್ವಲ್ಪ ಇದೆ. ಇಲ್ಲಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗೋ ನೆಗಡಿ ಮಾತ್ರೆ, ನಿದ್ದೆ ಮಾತ್ರೆಗಳಲ್ಲಿ ಡೈಫೆನ್‌ಹೈಡ್ರಮಿನ್ ಇರುತ್ತೆ, ಅದಕ್ಕೂ ಇದೆ. ಯಾವುದನ್ನ ಯಾವಾಗ ಬಿಡಬೇಕು ಅನ್ನೋದು ನಿನ್ನ ತೀರ್ಮಾನವೂ ಅಲ್ಲ, ನನ್ನ ತೀರ್ಮಾನವೂ ಅಲ್ಲ. ಪೂರ್ತಿ ಪಟ್ಟಿ ನೋಡಿ ಪರೀಕ್ಷೆ ಮಾಡೋ ಡಾಕ್ಟರು ಹೇಳಬೇಕು.

ತಮ್ಮ: ಪ್ಯಾನ್ 40 ಗ್ಯಾಸ್‌ಗೆ ತಗೊಳ್ಳೋದು. ಅದೂ ಅಡ್ಡಿಯಾ?

ಅಕ್ಕ: ಅದು ಹೆಚ್ಚು ತೊಡಕು ಮಾಡೋದು ಇದೇ ಇಂಜೆಕ್ಷನ್ನಿಂದ ಮಾಡೋ ಇನ್ನೊಂದು ಪರೀಕ್ಷೆಗೆ. ಗ್ಯಾಸ್ಟ್ರಿನೋಮ ಅಂತ ಅಪರೂಪದ ಗಡ್ಡೆ ಇದೆ. ಅದು ಗ್ಯಾಸ್ಟ್ರಿನ್ ಅನ್ನೋ ಹಾರ್ಮೋನ್ ಸುರಿಸಿ, ಜಠರದಲ್ಲಿ ಆಮ್ಲ ಉಕ್ಕಿಸಿ, ಹುಣ್ಣಿನ ಮೇಲೆ ಹುಣ್ಣು ಮಾಡುತ್ತೆ. ಆ ಗಡ್ಡೆ ಇರೋರಿಗೆ ಸೆಕ್ರೆಟಿನ್ ಕೊಟ್ಟರೆ ಗ್ಯಾಸ್ಟ್ರಿನ್ ಜಿಗಿದು ಏರುತ್ತೆ. ಒಂದು ಮಿಲಿಲೀಟರ್ ರಕ್ತದಲ್ಲಿ 110 ಪೈಕೋಗ್ರಾಂ ಅಥವಾ ಇನ್ನೂ ಹೆಚ್ಚು ಏರಿದರೆ ಗಡ್ಡೆಯ ಗುಮಾನಿ ಬಲವಾಗುತ್ತೆ. ಅದಕ್ಕೆ ಡೋಸ್ ಕೂಡ ಎರಡರಷ್ಟು, ಕಿಲೋಗೆ 0.4 ಮೈಕ್ರೋಗ್ರಾಂ. ಆಮ್ಲ ತಗ್ಗಿಸೋ ಮಾತ್ರೆಗಳು ತಾವೇ ಗ್ಯಾಸ್ಟ್ರಿನ್ ಏರಿಸೋದರಿಂದ ಗಡ್ಡೆ ಇಲ್ಲದವರಲ್ಲೂ ಇದೆ ಅನ್ನೋ ಹಾಗೆ ತೋರಿಸಬಹುದು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ಯಾಸ್ಟ್ರಿನೋಮ ಇರೋ ಮನುಷ್ಯ ಪರೀಕ್ಷೆಗೆ ಅಂತ ಪ್ಯಾಂಟೊಪ್ರಜೋಲನ್ನ, ಅಂದರೆ ನಿನ್ನ ಪ್ಯಾನ್ 40ರಲ್ಲಿರೋ ಔಷಧಿಯನ್ನ, ತಾನೇ ನಿಲ್ಲಿಸಿಬಿಟ್ಟರೆ ಆಮ್ಲ ಮರುಕಳಿಸಿ, ಹುಣ್ಣು ರಕ್ತ ಸೋರಿಸಿ, ಕರುಳು ತೂತಾಗೋವರೆಗೂ ಹೋಗಬಹುದು. ನಿಲ್ಲಿಸಲೇಬೇಕಾದರೆ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ನಿನ್ನ ವಿಷಯ ಅಷ್ಟು ಬಿಗಿಯದ್ದಲ್ಲ. ಆದರೂ ತಗೊಳ್ತಿದ್ದೀನಿ ಅಂತ ಹೇಳು.

ತಮ್ಮ: ಸರಿ. ಇನ್ನೇನು ಹೇಳಬೇಕು?

ಅಕ್ಕ: ಕುಡಿತ. ಸುಮ್ಮನೆ ಬೈಯೋಕೆ ಕೇಳ್ತಿಲ್ಲ. ಯಕೃತ್ತು ಕೆಟ್ಟಿದ್ದರೆ, ಕುಡಿತದಿಂದಲೋ ಬೇರೆ ಕಾರಣದಿಂದಲೋ, ಸೆಕ್ರೆಟಿನ್‌ಗೆ ರಸ ಅತಿಯಾಗಿ ಬರುತ್ತೆ. ಜೊತೆಗಿರೋ ಮೇದೋಜೀರಕದ ತೊಂದರೆ ಆ ಹೊಳೆಯಲ್ಲಿ ಮುಚ್ಚಿಹೋಗುತ್ತೆ. ನಮ್ಮವರಲ್ಲಿ ಡಾಕ್ಟರ ಹತ್ತಿರ ಹೋಗುವಾಗ ಅಪ್ಪನೋ ಹೆಂಡತಿಯೋ ಪಕ್ಕದಲ್ಲಿ ಕೂತಿರ್ತಾರೆ. ಕುಡೀತೀರಾ ಅಂದರೆ ಇಲ್ಲ ಅನ್ನೋ ಉತ್ತರ ತಾನಾಗೇ ಬಾಯಿಗೆ ಬರುತ್ತೆ. ಆ ಒಂದು ಇಲ್ಲದಿಂದ ಇಡೀ ಪರೀಕ್ಷೆ ವ್ಯರ್ಥ ಆಗಬಹುದು.

ತಮ್ಮ: ನಾನು ಒಬ್ಬನೇ ಹೋಗಿ ಮಾತಾಡ್ತೀನಿ.

ಅಕ್ಕ: ಅಷ್ಟು ಸಾಕು. ಹಿಂದೆ ಜಠರದ ಆಪರೇಷನ್‌ನಲ್ಲಿ ವೇಗಸ್ ನರ ಕತ್ತರಿಸಿದ್ದರೆ, ಕರುಳಿನ ದೀರ್ಘ ಉರಿಯೂತದ ಕಾಯಿಲೆ ಇದ್ದರೆ ರಸ ಕಡಿಮೆ ಬರುತ್ತೆ, ಅದೂ ತಿಳಿದಿರಬೇಕು. ಇವೆರಡೂ ನಿನಗಿಲ್ಲ. ಇನ್ನು, ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು ಬೆನ್ನಿಗೆ ಇರಿದ ಹಾಗೆ ಜೋರಾಗಿ ಬಂದು ವಾಂತಿಯಾದರೆ ಫೋನ್ ಮಾಡಿ ಹೇಳು. ಗ್ರಂಥಿಗೆ ಹೊಸದಾಗಿ ಉರಿಯೂತ ಹತ್ತಿದ್ದಾಗ ಸೆಕ್ರೆಟಿನ್ ಕೊಡಲ್ಲ. ಅದು ತಣ್ಣಗಾದ ಮೇಲೇ ಪರೀಕ್ಷೆ. ನೀನು ಶುರುವಿಗೇ ಕೇಳಿದೆಯಲ್ಲ, ಕೆರಳಿಸೋದು ಅಂತ. ಆ ಭಯ ನಿಜವಾಗೋ ಜಾಗ ಇದೊಂದೇ. ಎಷ್ಟು ಕಷ್ಟಪಟ್ಟು ತಾರೀಕು ಸಿಕ್ಕಿದೆ, ರಜೆ ಹಾಕಿದೀನಿ, ಇನ್ಶೂರೆನ್ಸ್ ಒಪ್ಪಿಗೆ ಬಂದಿದೆ ಅಂತ ನೋವು ನುಂಗಿಕೊಂಡು ಹೋಗಿ ಮಲಗಬೇಡ.

ತಮ್ಮ: ಡೋಸ್ ವಿಷಯ ನಿನ್ನ ಕಡೆಯದ್ದು. ಅದರಲ್ಲಿ ತಪ್ಪೋಕೆ ಏನಿದೆ?

ಅಕ್ಕ: ಇರೋದೆಲ್ಲ ಅಲ್ಲೇ. ಪುಡಿ ಸೀಸೆಯಲ್ಲಿ ಬರುತ್ತೆ, ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಫ್ರೀಜರಿನಲ್ಲಿ, ಬೆಳಕು ಬೀಳದ ಹಾಗೆ ಇಡಬೇಕು. ಯಾರೋ ಸಂಜೆ ಕೌಂಟರ್ ಮೇಲೆ ಮರೆತು ಬಿಟ್ಟಿದ್ದರೆ ಬೆಳಿಗ್ಗೆ ನೋಡೋಕೆ ಹಾಗೇ ಬಿಳಿ ಪುಡಿ. ಸತ್ವ ಇಳಿದಿದ್ದರೂ ಕಣ್ಣಿಗೆ ಗೊತ್ತಾಗಲ್ಲ. ಅಂಥದ್ದನ್ನ ಕೊಟ್ಟರೆ ರಸ ಕಡಿಮೆ ಬರುತ್ತೆ. ತಪ್ಪು ಫ್ರೀಜರಿನದ್ದು, ಕಾಯಿಲೆಯ ಹೆಸರು ರೋಗಿಗೆ. ಅದಕ್ಕೇ ನಾವು ಫ್ರೀಜರಿನ ಉಷ್ಣತೆಯ ದಾಖಲೆ ನೋಡದೆ ಸೀಸೆ ಹೊರಗೆ ಕಳಿಸಲ್ಲ. ಸಲೈನ್ ಬೆರೆಸಿ ಚೆನ್ನಾಗಿ ಕುಲುಕಿ ಆಗಲೇ ಕೊಡಬೇಕು. ಉಳಿದದ್ದು ಚೆಲ್ಲಬೇಕು. ಬಹಳ ದುಬಾರಿ ಔಷಧಿ, ಮುಂದಿನ ರೋಗಿಗೆ ಇಡೋಣ ಅನ್ನಿಸುತ್ತೆ. ಇಡಬಾರದು.

ಈಗ ಲೆಕ್ಕ. ಕಿಲೋಗೆ 0.2 ಮೈಕ್ರೋಗ್ರಾಂ, ರಕ್ತನಾಳಕ್ಕೆ, ಒಂದು ನಿಮಿಷದುದ್ದಕ್ಕೂ ನಿಧಾನವಾಗಿ. ನೀನು 70 ಕಿಲೋ, ಅಂದರೆ 14 ಮೈಕ್ರೋಗ್ರಾಂ. 16 ಮೈಕ್ರೋಗ್ರಾಂ ಸೀಸೆಗೆ 8 ಮಿಲಿಲೀಟರ್ ಸಲೈನ್ ಬೆರೆಸಿದರೆ ಒಂದು ಮಿಲಿಲೀಟರಿಗೆ 2 ಮೈಕ್ರೋಗ್ರಾಂ. ನಿನಗೆ 7 ಮಿಲಿಲೀಟರ್. 40 ಮೈಕ್ರೋಗ್ರಾಂನ ಇನ್ನೊಂದು ಸೀಸೆಯೂ ಬರುತ್ತೆ. ಅದಕ್ಕೆ ಬೆರೆಸೋದು 10 ಮಿಲಿಲೀಟರ್, ಆಗ ಒಂದು ಮಿಲಿಲೀಟರಿಗೆ 4 ಮೈಕ್ರೋಗ್ರಾಂ. ಅದೇ 7 ಮಿಲಿಲೀಟರ್ ಅಂತ ರೂಢಿಯ ಮೇಲೆ ಎಳೆದುಕೊಂಡರೆ ಎರಡರಷ್ಟು ಹೋಯ್ತು. ಇನ್ನೊಂದು ಅಮೆರಿಕದ್ದೇ ತಾಪತ್ರಯ. ತೂಕದ ಯಂತ್ರ ಪೌಂಡಿನಲ್ಲಿ ಹೇಳುತ್ತೆ. 154 ಪೌಂಡನ್ನ ಯಾರಾದರೂ 154 ಕಿಲೋ ಅಂತ ಹಾಕಿಕೊಂಡರೆ ಡೋಸ್ ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ. ಕೈಯಲ್ಲಿ ಬರೆದ ಮೈಕ್ರೋದ ಚಿಹ್ನೆ ಮಿಲಿಯ ಹಾಗೆ ಕಾಣೋದು ಹಳೇ ರೋಗ. ಅದಕ್ಕೇ ಇಬ್ಬರು ಬೇರೆ ಬೇರೆ ಲೆಕ್ಕ ಮಾಡಿ ತಾಳೆ ನೋಡಬೇಕು. ನಿನ್ನ ತೂಕವನ್ನ ನೀನೇ ಕಿಲೋನಲ್ಲಿ ಜೋರಾಗಿ ಹೇಳು, ತಪ್ಪೇನಿಲ್ಲ.

ತಮ್ಮ: ಕೊಟ್ಟ ಮೇಲೆ ರಸ ತೆಗೆಯೋದು ಹೇಗೆ?

ಅಕ್ಕ: ಹಿಂದೆ ಮೂಗಿನಿಂದಲೋ ಬಾಯಿಂದಲೋ ಡ್ರೀಲಿಂಗ್ ಟ್ಯೂಬ್ ಅನ್ನೋ ಎರಡು ಕಾಲುವೆಯ ನಳಿಗೆ ಇಳಿಸಿ, ಎಕ್ಸ್‌ರೇಯಲ್ಲಿ ಜಾಗ ನೋಡಿ, ಗಂಟೆಯಿಡೀ ರೋಗಿಯನ್ನ ಎಚ್ಚರವಾಗೇ ಇಟ್ಟು ರಸ ಹೀರ್ತಿದ್ದರು. ಆ ಹಿಂಸೆ ನೆನೆದರೆ ಬೇಜಾರಾಗುತ್ತೆ. ನಿನಗೆ ಮಾಡೋದು ಎಂಡೋಸ್ಕೋಪಿಯಲ್ಲಿ. ನಮ್ಮ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲೇ ಕಾನ್‌ವೆಲ್ ಮತ್ತವರ ಜೊತೆಯವರು 2003ರಲ್ಲಿ ಈ ವಿಧಾನವನ್ನ ಪ್ರಕಟಿಸಿದರು. ರಾತ್ರಿಯಿಂದ ಕನಿಷ್ಠ 12 ಗಂಟೆ ಉಪವಾಸ. ನಿನಗೆ ಸಕ್ಕರೆ ಕಾಯಿಲೆ ಇಲ್ಲ. ಇರೋರು ಇನ್ಸುಲಿನ್ನೋ ಮಾತ್ರೆಯೋ ಹೇಗೆ ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕುಸಿದು ಬೀಳ್ತಾರೆ. ಮಂಪರು ಔಷಧಿ ಕೊಟ್ಟು ಎಂಡೋಸ್ಕೋಪ್ ಇಳಿಸಿ, ಮೊದಲು ಜಠರದಲ್ಲಿರೋದನ್ನೆಲ್ಲ ಹೀರಿ ತೆಗೀತಾರೆ. ಜಠರದ ಹುಳಿ ಒಂದಿಷ್ಟು ಕೆಳಗಿಳಿದು ಬೆರೆತರೂ ಬೈಕಾರ್ಬನೇಟ್ ಸತ್ತುಹೋಗುತ್ತೆ. ಮತ್ತೆ ಸುಳ್ಳು ಕಾಯಿಲೆ. ಸೆಕ್ರೆಟಿನ್ ಕೊಟ್ಟ ಮೇಲೆ 15, 30, 45, 60 ನಿಮಿಷಕ್ಕೆ ರಸ ಹೀರಿ ಮಂಜುಗಡ್ಡೆಯ ಮೇಲಿಟ್ಟು ಪ್ರಯೋಗಾಲಯಕ್ಕೆ ಕಳಿಸ್ತಾರೆ. ಯಾವುದಾದರೂ ಒಂದು ಮಾದರಿಯಲ್ಲಿ ಲೀಟರಿಗೆ 80 ಮಿಲಿಇಕ್ವಿವಲೆಂಟ್ ಬೈಕಾರ್ಬನೇಟ್ ಮುಟ್ಟಿದರೆ ಗ್ರಂಥಿ ಚೆನ್ನಾಗಿ ಓಗೊಟ್ಟ ಹಾಗೆ.

ತಮ್ಮ: ಒಂದು ಗಂಟೆ ಎಂಡೋಸ್ಕೋಪ್ ಒಳಗಿರುತ್ತಾ? ಅವಸರದಲ್ಲಿ ಅರ್ಧ ಗಂಟೆಗೆ ಮುಗಿಸಿದರೆ?

ಅಕ್ಕ: ಕೆಲವು ಕಡೆ ಕಡಿಮೆ ಮಾಡ್ತಾರೆ. ಆದರೆ ಕೆಲವರಲ್ಲಿ ರಸ ತಡವಾಗಿ ಗಟ್ಟಿಯಾಗುತ್ತೆ. ಬೇಗ ನಿಲ್ಲಿಸಿದರೆ 80 ಮುಟ್ಟೋ ಮೊದಲೇ ಬಾಗಿಲು ಹಾಕಿದ ಹಾಗೆ. ಎಷ್ಟು ಮಾದರಿ ತಗೊಂಡರು ಅಂತ ರಿಪೋರ್ಟಿನಲ್ಲಿ ನೋಡೋದು ನಿನ್ನ ಹಕ್ಕು.

ತಮ್ಮ: ಅಕ್ಕ, ಹುಡುಕುವಾಗ ಇನ್ನೊಂದು ವಿಷಯ ಸಿಕ್ಕಿತು. ಸೆಕ್ರೆಟಿನ್ ಆಟಿಸಂ ಇರೋ ಮಕ್ಕಳಿಗೆ ಔಷಧಿ ಅಂತ. ನಿಜವಾ?

ಅಕ್ಕ: ಅಲ್ಲ. ಅದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. 1998ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೋರ್ವಾತ್ ಮತ್ತು ಜೊತೆಯವರು ಮೂರು ಮಕ್ಕಳ ಬಗ್ಗೆ ಬರೆದರು. ಹೊಟ್ಟೆಯ ತೊಂದರೆಗೆ ಇದೇ ಪರೀಕ್ಷೆ ಮಾಡಿದ ಮೇಲೆ ಆ ಮಕ್ಕಳ ಮಾತು, ನೋಟ ಸುಧಾರಿಸಿತು ಅಂತ. ಮೂರೇ ಮಕ್ಕಳು, ಹೋಲಿಸಿ ನೋಡೋಕೆ ಬೇರೆ ಗುಂಪಿಲ್ಲ. ಟೀವಿಯಲ್ಲಿ ಬಂತು. ಪರೀಕ್ಷೆಗೆ ಅಂತ ಇದ್ದ ಔಷಧಿಗೆ ತಂದೆ-ತಾಯಂದಿರು ಮುಗಿಬಿದ್ದರು. ಆ ಅಪ್ಪ-ಅಮ್ಮಂದಿರನ್ನ ನಾನು ಯಾವತ್ತೂ ದೂರಲ್ಲ. ಮಗು ಒಂದು ಸಲ ಅಮ್ಮ ಅಂದರೆ ಸಾಕು ಅಂತ ಕಾಯ್ತಿರೋರು ಅವರು. 1999ರ ಕೊನೆಯಲ್ಲಿ ಸ್ಯಾಂಡ್ಲರ್ ಮತ್ತು ಜೊತೆಯವರ ಅಧ್ಯಯನ ಬಂತು. 56 ಮಕ್ಕಳಲ್ಲಿ ಅರ್ಧ ಜನಕ್ಕೆ ಸೆಕ್ರೆಟಿನ್, ಅರ್ಧ ಜನಕ್ಕೆ ಬರೀ ಸಲೈನ್, ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಎರಡೂ ಗುಂಪು ಒಂದೇ ರೀತಿ ಸುಧಾರಿಸಿದ ಹಾಗೆ ಕಾಣಿಸಿತು. ಔಷಧಿಯಿಂದ ಹೆಚ್ಚೇನೂ ಆಗಿರಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ನೂರಕ್ಕೆ 69 ಪೋಷಕರು ತಮ್ಮ ಮಗುವಿಗೆ ಸೆಕ್ರೆಟಿನ್ ಕೊಡಿಸೋ ಆಸೆ ಇನ್ನೂ ಇದೆ ಅಂದರು. ಆಮೇಲೆ ನಡೆದ ಹತ್ತಕ್ಕೂ ಹೆಚ್ಚು ಅಧ್ಯಯನಗಳು ಹೇಳಿದ್ದೂ ಅದನ್ನೇ. ಇದು ಪ್ರಶ್ನೆ ಕೇಳೋಕೆ, ಒಂದು ಸಲಕ್ಕೆ ಅಂತ ಮಾಡಿದ ಔಷಧಿ. ಮತ್ತೆ ಮತ್ತೆ ಚುಚ್ಚಿಸಿಕೊಂಡು ವಾಸಿ ಹುಡುಕೋದು ಅಂದರೆ ಮಗುವನ್ನ ಸೂಜಿಗೆ ಒಡ್ಡಿದ್ದೇ ಬಂತು.

ತಮ್ಮ: ಊರಲ್ಲಿ ನಮ್ಮ ದೊಡ್ಡಪ್ಪನ ಮಗನಿಗೆ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಅಂದರಲ್ಲ, ಅವನು ಹನಿ ಕುಡಿದವನಲ್ಲ. ಅವನಿಗೆ ಈ ಪರೀಕ್ಷೆ ಮಾಡಿದ್ದೇ ಕೇಳಿಲ್ಲ.

ಅಕ್ಕ: ಅವನಿಗೆ ಬೇಕಾಗಿರಲಿಲ್ಲ. ಕಲ್ಲು ಸ್ಕ್ಯಾನ್‌ನಲ್ಲೇ ಕಂಡಿತ್ತು. ಕುಡಿತವಿಲ್ಲದೆ ಎಳೆ ವಯಸ್ಸಿನಲ್ಲೇ ಗ್ರಂಥಿಯಲ್ಲಿ ಕಲ್ಲು ಕಟ್ಟಿ, ಸಕ್ಕರೆ ಕಾಯಿಲೆಯೂ ಬರೋದು ದಕ್ಷಿಣ ಭಾರತದಲ್ಲಿ ಹೊಸದಲ್ಲ. ಕೇರಳದ ಡಾಕ್ಟರ್ ಗೀವರ್ಗೀಸ್ 1960ರ ದಶಕದಲ್ಲೇ ಅಂಥ ನೂರಾರು ರೋಗಿಗಳನ್ನ ನೋಡಿ ಬರೆದಿದ್ದಾರೆ. ನಿನ್ನ ಡಾಕ್ಟರಿಗೆ ಮನೆಯಲ್ಲಿ ಇಂಥವರೊಬ್ಬರು ಇದ್ದಾರೆ ಅಂತ ಹೇಳು, ಅದು ಬಹಳ ಮುಖ್ಯ. ಇನ್ನು ಊರ ಕಡೆ ಸೆಕ್ರೆಟಿನ್ ಸುಲಭವಾಗಿ ಸಿಗೋದಿಲ್ಲ. ಎಲಾಸ್ಟೇಸ್, ಸಿ.ಟಿ., ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ಗಳಲ್ಲೇ ವೈದ್ಯರು ದಾರಿ ಹುಡುಕ್ತಾರೆ. ಈ ಪರೀಕ್ಷೆ ಇಲ್ಲ ಅಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಲ್ಲ.

ತಮ್ಮ: ನನ್ನದು 80ಕ್ಕಿಂತ ಕಡಿಮೆ ಬಂದರೆ?

ಅಕ್ಕ: ಬಂದ ಕೂಡಲೇ ತೀರ್ಪು ಅಂದುಕೊಳ್ಳಬೇಡ. ಚೆನ್ನಾಗಿ ಬಂದರೆ ಗ್ರಂಥಿಯಲ್ಲಿ ದೀರ್ಘಕಾಲದ ಉರಿಯೂತ ಇರೋ ಸಾಧ್ಯತೆ ಬಹಳ ಕಡಿಮೆ ಅಂತ ನಂಬಬಹುದು. ಕಡಿಮೆ ಬಂದರೆ ಮಾತ್ರ ಔಷಧಿ, ಮಾದರಿ, ನಿನ್ನ ಮಾತ್ರೆಗಳು, ಸ್ಕ್ಯಾನ್, ಮನೆತನದ ಕಥೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು. 72 ಬಂದವನೂ 30 ಬಂದವನೂ ಒಂದೇ ಅಲ್ಲ. ನಿಜವಾಗಿಯೂ ಗ್ರಂಥಿ ಸೋತಿದೆ ಅಂತಾದರೆ ಎ, ಡಿ, ಇ, ಕೆ ವಿಟಮಿನ್‌ಗಳನ್ನ, ಸಕ್ಕರೆಯನ್ನ ನೋಡ್ತಾರೆ. ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಬೇಕಾಗಬಹುದು. ಅದನ್ನ ಈಗಲೇ ಹೇಳಿಬಿಡ್ತೀನಿ. ಅದು ಹಂದಿಯದ್ದು. ಇಲ್ಲಿ ಒಪ್ಪಿಗೆ ಇರೋ ಪ್ಯಾಂಕ್ರಿಲೈಪೇಸ್ ಕ್ಯಾಪ್ಸೂಲ್‌ಗಳೆಲ್ಲ ಹಂದಿಯ ಗ್ರಂಥಿಯಿಂದಲೇ ಮಾಡಿದ್ದು.

ತಮ್ಮ: ಅದು ಕಷ್ಟ ಆಗುತ್ತೆ ಅಕ್ಕ.

ಅಕ್ಕ: ಗೊತ್ತು. ತಗೊಳ್ಳೋದು ಬಿಡೋದು ನೀನು ತೀರ್ಮಾನ ಮಾಡು. ನನಗೆ ಭಯ ಆಗೋದು, ತಗೊಳ್ತೀನಿ ಅಂತ ಡಾಕ್ಟರಿಗೆ ಹೇಳಿ ಮನೆಯಲ್ಲಿ ಡಬ್ಬಿ ಹಾಗೇ ಮುಚ್ಚಿಡೋರನ್ನ ಕಂಡಾಗ. ಆಗ ತೂಕ ಯಾಕೆ ಇಳೀತಿದೆ ಅಂತ ಡಾಕ್ಟರು ಇಲ್ಲದ ಕಾರಣ ಹುಡುಕ್ತಾ ಕೂರ್ತಾರೆ. ಮನಸ್ಸು ಒಪ್ಪದಿದ್ದರೆ ನೇರವಾಗಿ ಹೇಳು, ಆಹಾರದಲ್ಲಿ ಕೊಬ್ಬು ಎಷ್ಟು, ಹೇಗೆ ಅಂತ ಡಯಟೀಷಿಯನ್ ಜೊತೆ ಕೂತು ನೋಡೋಣ. ಅಮ್ಮನ ಹತ್ತಿರ ಬೇಕಾದರೆ ನಾನು ಮಾತಾಡ್ತೀನಿ. ಈಗ ಬುಧವಾರದ್ದು ಹೇಳು, ಪರೀಕ್ಷೆ ಮುಗಿದ ಮೇಲೆ ಕಾರು ಯಾರು ಓಡಿಸ್ತಾರೆ? ಮಂಪರು ಔಷಧಿ ಕೊಟ್ಟ ದಿನ ನೀನು ಸ್ಟೀರಿಂಗ್ ಹಿಡಿಯೋ ಹಾಗಿಲ್ಲ.

ತಮ್ಮ: ಸ್ನೇಹಿತನೊಬ್ಬ ಬರ್ತಾನೆ.

ಅಕ್ಕ: ಅವನ ನಂಬರ್ ನನಗೆ ಕಳಿಸು. ಮನೆಗೆ ಬಂದ ಮೇಲೆ ಜ್ವರ, ನಿಲ್ಲದ ವಾಂತಿ, ಜೋರು ಹೊಟ್ಟೆನೋವು, ವಾಂತಿಯಲ್ಲೋ ಮಲದಲ್ಲೋ ರಕ್ತ, ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡರೂ ನನಗೆ ಫೋನ್ ಮಾಡ್ತಾ ಕೂರದೆ ನೇರವಾಗಿ ಎಮರ್ಜೆನ್ಸಿಗೆ ಹೋಗಬೇಕು ಅಂತ ಅವನಿಗೂ ಹೇಳಿಡು. ಮತ್ತೆ ಆ ಮಾತ್ರೆಗಳ ಫೋಟೋ ಇವತ್ತು ರಾತ್ರಿಯೇ ಕಳಿಸು. ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಪಟ್ಟಿ ಮಾಡಿಕೊಡ್ತೀನಿ, ನಾಳೆ ಬೆಳಿಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿ ನರ್ಸ್‌ಗೆ ಓದಿ ಹೇಳು.